ಉತ್ತರಮೇರೂರಿನ ಓಲೆಗೊಡ ಮತ್ತು ಶಾಸನಗಳ ಟೇಬಲ್‌ನಿಂದ ಚೀಟಿ ಎತ್ತುವ ಬಗೆ

ಉತ್ತರಮೇರೂರಿನ ಹೆಸರು ಕೇಳದ ಶಾಸನಾಸಕ್ತರು ಕಡಿಮೆ. ಕಾಂಚೀಪುರ ಜಿಲ್ಲೆಯ ಈ ಊರಿನ ವೈಕುಂಠಪೆರುಮಾಳ್ ದೇವಾಲಯದ ಗೋಡೆಯ ಮೇಲೆ ಒಂದನೆಯ ಪರಾಂತಕ ಚೋಳನ ಎರಡು ಶಾಸನಗಳಿವೆ. ಒಂದು ಅವನ ಆಳ್ವಿಕೆಯ 12ನೆಯ ವರ್ಷದ್ದು, ಇನ್ನೊಂದು 14ನೆಯ ವರ್ಷದ್ದು. ಅಂದರೆ ಕ್ರಿ.ಶ. 919 ಮತ್ತು 921ರ ಸುಮಾರಿನವು. ವಿ. ವೆಂಕಯ್ಯನವರು ಪುರಾತತ್ವ ಸರ್ವೇಕ್ಷಣೆಯ 1904-05ರ ವಾರ್ಷಿಕ ವರದಿಯಲ್ಲಿ ಇವನ್ನು ವಿವರವಾಗಿ ಚರ್ಚಿಸಿದರು. ಅಲ್ಲಿಂದೀಚೆಗೆ ಪಠ್ಯಪುಸ್ತಕ, ಭಾಷಣ, ವಾಟ್ಸಾಪ್ ಎಲ್ಲ ಕಡೆಯೂ "ಸಾವಿರ ವರ್ಷದ ಹಿಂದೆಯೇ ನಮ್ಮಲ್ಲಿ ಚುನಾವಣೆ ನಡೀತಿತ್ತು" ಅನ್ನುವ ಮಾತಿಗೆ ಇವೇ ಆಧಾರ.

ಶಾಸನಪಾಠವನ್ನು ಹಿಡಿದು ಓದಿದರೆ ಮತ ಹಾಕುವ ಸಂಗತಿ ಅದರಲ್ಲಿ ಬರೋದಿಲ್ಲ. ಬರುವುದು ಚೀಟಿ ಎತ್ತುವ ಸಂಗತಿ. ಅರ್ಹರ ಪಟ್ಟಿಯೊಂದರಿಂದ ಕೆಲವರನ್ನು ಯಾರ ಇಷ್ಟಾನಿಷ್ಟವೂ ತಾಗದ ಹಾಗೆ ಆರಿಸೋದು ಹೇಗೆ ಎಂಬುದಕ್ಕೆ ಬರೆದ ಕೈಪಿಡಿ ಅದು. ಹೊಟ್ಟೆಪಾಡಿಗೆ ಡೇಟಾಬೇಸ್ ಕೆಲಸ ಮಾಡುವ ನನಗೆ ಅದನ್ನು ಓದಿದಾಗಲೆಲ್ಲ, ಟೇಬಲ್ ಒಂದರಿಂದ ರ‍್ಯಾಂಡಮ್ ಆಗಿ ಸಾಲುಗಳನ್ನು ಎತ್ತುವ ದಿನನಿತ್ಯದ ಸಮಸ್ಯೆಯೇ ಕಣ್ಣಿಗೆ ಬೀಳುತ್ತೆ. ಇದು ತಮಾಷೆಯ ಹೋಲಿಕೆ ಅಂತ ಅನ್ನಿಸಬಹುದು. ಆದರೆ ಇವತ್ತು ಶಾಸನಗಳನ್ನು ಕಂಪ್ಯೂಟರಿಗೆ ಏರಿಸಿಕೊಂಡು "ಕನ್ನಡ ಶಾಸನಗಳಲ್ಲಿ ಇಷ್ಟು ಪಾಲು ಹೀಗಿವೆ, ಅಷ್ಟು ಪಾಲು ಹಾಗಿವೆ" ಎಂದು ಹೇಳಲು ಹೊರಟಿರುವ ನಮ್ಮಂಥವರಿಗೆ ಅದರಲ್ಲಿ ಕಲಿಯೋದು ಬಹಳ ಇದೆ.

ಮೊದಲು ಪದದ ವಿಚಾರ. ತಮಿಳಿನಲ್ಲಿ ಈ ಪದ್ಧತಿಗೆ ಕುಡವೋಲೈ ಎನ್ನುತ್ತಾರೆ. ಕುಡ ಅಂದರೆ ನಮ್ಮ ಕೊಡ, ಓಲೈ ಅಂದರೆ ನಮ್ಮ ಓಲೆ. ಕೊಡದೊಳಗಿನ ಓಲೆ. ಕನ್ನಡಿಗರಿಗೆ ಅನುವಾದವೇ ಬೇಕಾಗಿಲ್ಲ. ಹಾಗಂತ ಎಲ್ಲ ಪದವೂ ಇಷ್ಟು ಸಲೀಸಲ್ಲ. ಅದೇ ಶಾಸನದಲ್ಲಿ ಬರುವ 'ಏರಿ ವಾರಿಯಂ' ಎನ್ನುವುದನ್ನು ನಮ್ಮವರು ಕೆರೆ ಏರಿಯ ಸಮಿತಿ ಎಂದು ಓದಿಬಿಡ್ತಾರೆ. ಕನ್ನಡದ ಏರಿ ಕೆರೆಯ ಕಟ್ಟೆ, ತಮಿಳಿನ ಏರಿ ಕೆರೆಯೇ. ಅದು ಕೆರೆ ಸಮಿತಿ.

ಇನ್ನು ವಿಧಾನ. ಉತ್ತರಮೇರೂರು ಚತುರ್ವೇದಿಮಂಗಲ, ಅಂದರೆ ಬ್ರಾಹ್ಮಣರ ಸಭೆ ನಡೆಸುತ್ತಿದ್ದ ಊರು. ಊರನ್ನು 30 ಕುಡುಂಬುಗಳಾಗಿ ವಿಂಗಡಿಸಿದ್ದರು. ಪ್ರತಿ ಕುಡುಂಬಿನ ಅರ್ಹರ ಹೆಸರನ್ನು ಒಂದೊಂದು ಓಲೆಯಲ್ಲಿ ಬರೆಯಬೇಕು. ಒಂದು ಕುಡುಂಬಿನ ಓಲೆಗಳನ್ನೆಲ್ಲ ಒಂದು ಕಟ್ಟು ಮಾಡಿ, ಯಾವ ಕುಡುಂಬು ಎಂದು ಹೇಳುವ ಮೇಲೋಲೆಯನ್ನು ಅದಕ್ಕೆ ಕಟ್ಟಬೇಕು. 30 ಕಟ್ಟುಗಳೂ ಒಂದು ಕೊಡದೊಳಗೆ. ಚೀಟಿ ಎತ್ತುವ ದಿನ ಮಹಾಸಭೆ ಪೂರ್ತಿ, ಕಿರಿಯರು ಹಿರಿಯರು ಎಲ್ಲ, ಸೇರಬೇಕು. ಆ ದಿನ ಊರಲ್ಲಿರುವ ಅರ್ಚಕರು ಒಬ್ಬರೂ ತಪ್ಪಿಸಿಕೊಳ್ಳದೆ ಒಳಮಂಟಪದಲ್ಲಿ ಕೂರಬೇಕು. ಅವರಲ್ಲಿ ಹಿರಿಯರಾದ ಒಬ್ಬರು ಎದ್ದು ನಿಂತು, ಎಲ್ಲರಿಗೂ ಕಾಣುವ ಹಾಗೆ ಕೊಡವನ್ನು ಮೇಲೆತ್ತಿ ಹಿಡಿಯಬೇಕು. ಒಳಗೆ ಏನಿದೆ ಎಂದು ತಿಳಿಯದ ಒಬ್ಬ ಹುಡುಗ ಒಂದು ಕಟ್ಟನ್ನು ತೆಗೆಯಬೇಕು. ಆ ಕಟ್ಟನ್ನು ಬಿಚ್ಚಿ ಇನ್ನೊಂದು ಖಾಲಿ ಕೊಡಕ್ಕೆ ಹಾಕಿ ಕುಲುಕಬೇಕು. ಆಮೇಲೆ ಅದೇ ಹುಡುಗ ಅದರಿಂದ ಒಂದು ಓಲೆ ತೆಗೆದು ಮಧ್ಯಸ್ಥನ ಕೈಗೆ ಕೊಡಬೇಕು. ಮಧ್ಯಸ್ಥ ಅದನ್ನು ಐದೂ ಬೆರಳು ಬಿಡಿಸಿದ ಅಂಗೈ ಮೇಲೆ ತಗೊಂಡು ಓದಬೇಕು. ಅವನು ಓದಿದ ಮೇಲೆ ಮಂಟಪದಲ್ಲಿರುವ ಅರ್ಚಕರೂ ಅದನ್ನೇ ಓದಬೇಕು. ಬಂದ ಹೆಸರನ್ನು ಒಪ್ಪಬೇಕು. ಹೀಗೆ 30 ಕುಡುಂಬಿಗೆ 30 ಜನ. ಅವರಲ್ಲಿ ಹಿಂದೆ ತೋಟದ ಮತ್ತು ಕೆರೆಯ ಸಮಿತಿಗಳಲ್ಲಿ ಕೆಲಸ ಮಾಡಿದ, ವಿದ್ಯೆ ಮತ್ತು ವಯಸ್ಸಿನಲ್ಲಿ ಹಿರಿಯರಾದ 12 ಮಂದಿ ಸಂವತ್ಸರ ವಾರಿಯಕ್ಕೆ, ಉಳಿದವರಲ್ಲಿ 12 ಮಂದಿ ತೋಟದ ವಾರಿಯಕ್ಕೆ, 6 ಮಂದಿ ಕೆರೆಯ ವಾರಿಯಕ್ಕೆ. ಅವಧಿ 360 ದಿನ.

ಬಿಡಿಸಿದ ಐದು ಬೆರಳು ನೋಡಿ. ಇಷ್ಟು ಸಣ್ಣ ವಿವರವನ್ನು ಕಲ್ಲಿನಲ್ಲಿ ಕೆತ್ತಿಸಿದ್ದಾರೆ ಅಂದರೆ, ಮುಚ್ಚಿದ ಕೈಯಲ್ಲಿ ಓಲೆ ಬದಲಾಗುವ ಸಾಧ್ಯತೆ ಅವರ ತಲೆಯಲ್ಲಿ ಇದ್ದೇ ಇತ್ತು. ಒಂದೊಂದು ನಿಯಮದ ಹಿಂದೆಯೂ ಒಂದೊಂದು ಕೈಚಳಕದ ಭಯ ಇದೆ. ಹುಡುಗನನ್ನು ಇಟ್ಟಿದ್ದು ಎತ್ತುವವನಿಗೆ ಯಾವುದರಲ್ಲೂ ಆಸಕ್ತಿ ಇರಬಾರದು ಅಂತ. ಕೊಡ ಮೇಲೆತ್ತಿದ್ದು ಬೇರೆ ಕೊಡ ಬಂದುಬಿಡಬಾರದು ಅಂತ. ಎರಡನೆಯವರೂ ಓದುವುದು ಮಧ್ಯಸ್ಥ ಒಂದು ಹೆಸರು ನೋಡಿ ಇನ್ನೊಂದು ಕೂಗಬಾರದು ಅಂತ. ಹೀಗಂತ ಶಾಸನ ಕಾರಣ ಕೊಡೋದಿಲ್ಲ, ನಾನು ಓದುವ ಬಗೆ ಇದು. ಸಿಸ್ಟಮ್ ಟೆಸ್ಟ್ ಮಾಡುವವರು ಯಾರಾದರೂ ಹೀಗೇ ಓದ್ತಾರೆ ಅಂದ್ಕೊಂಡಿದ್ದೇನೆ.

ಖಾಲಿ ಕೊಡಕ್ಕೆ ಹಾಕಿ ಕುಲುಕುವ ಹೆಜ್ಜೆಯನ್ನು ಬಹಳ ಜನ ಗಮನಿಸೋದಿಲ್ಲ. ಅದರ ಬೆಲೆ ಗೊತ್ತಾಗಬೇಕಾದರೆ ಸಾವಿರ ವರ್ಷ ಮುಂದಕ್ಕೆ ಬರಬೇಕು. 1969ರ ಡಿಸೆಂಬರ್ 1ರಂದು ಅಮೆರಿಕದಲ್ಲಿ ವಿಯೆಟ್ನಾಂ ಯುದ್ಧದ ಸೈನ್ಯಭರ್ತಿಗೆ ಲಾಟರಿ ಎತ್ತಿದರು. ವರ್ಷದ 366 ತಾರೀಖುಗಳನ್ನು 366 ಗುಳಿಗೆಗಳಲ್ಲಿ ಇಟ್ಟು ಒಂದೊಂದಾಗಿ ತೆಗೆದರು. ಗುಳಿಗೆಗಳನ್ನು ತಿಂಗಳ ಪ್ರಕಾರ ತುಂಬಿದ್ದರು, ಸರಿಯಾಗಿ ಕಲಸಿರಲಿಲ್ಲ. ವರ್ಷದ ಕೊನೆಯ ತಿಂಗಳುಗಳಲ್ಲಿ ಹುಟ್ಟಿದ ಹುಡುಗರ ತಾರೀಖುಗಳು ಬೇಗ ಬೇಗ ಬಂದುಬಿಟ್ಟವು. ಸಂಖ್ಯಾಶಾಸ್ತ್ರದ ತರಗತಿಗಳಲ್ಲಿ ಇವತ್ತಿಗೂ ಹೇಳುವ ಉದಾಹರಣೆ ಅದು. ಕುಲುಕದ ಕೊಡದಿಂದ ಎತ್ತಿದ್ದರಿಂದ ಯಾರೋ ಯುದ್ಧಕ್ಕೆ ಹೋದರು, ಇನ್ಯಾರೋ ಉಳಿದರು.

ಚೀಟಿ ಎತ್ತುವುದಕ್ಕಿಂತ ಮುಂಚಿನ ಕೆಲಸ ಅರ್ಹತೆಯದ್ದು. ಕಾಲು ವೇಲಿಗಿಂತ ಹೆಚ್ಚು, ಸುಮಾರು ಒಂದೂವರೆ ಎಕರೆ, ತೆರಿಗೆ ಕಟ್ಟುವ ಜಮೀನು ಇರಬೇಕು. ಸ್ವಂತ ನಿವೇಶನದಲ್ಲಿ ಕಟ್ಟಿದ ಮನೆಯಲ್ಲಿರಬೇಕು. ಮಂತ್ರಬ್ರಾಹ್ಮಣ ಬಲ್ಲವನಾಗಿರಬೇಕು. ಹಿಂದಿನ ಮೂರು ವರ್ಷದಲ್ಲಿ ಯಾವ ವಾರಿಯದಲ್ಲೂ ಇದ್ದಿರಬಾರದು. 919ರ ನಿಯಮದಲ್ಲಿ ವಯಸ್ಸು 30ರಿಂದ 60, 921ರದ್ದರಲ್ಲಿ 35ರಿಂದ 70. ಎರಡೇ ವರ್ಷದಲ್ಲಿ ತಿದ್ದುಪಡಿ. ಜಮೀನು ಎಂಟನೇ ಒಂದು ವೇಲಿಯಷ್ಟೇ ಇದ್ದರೂ ಒಂದು ವೇದ ಮತ್ತು ನಾಲ್ಕರಲ್ಲಿ ಒಂದು ಭಾಷ್ಯ ಬಲ್ಲವನ ಹೆಸರು ಬರೆಯಬಹುದು ಅಂತ ಒಂದು 'ಅಥವಾ' ಸೇರಿತು. ವಾರಿಯದಲ್ಲಿದ್ದು ಲೆಕ್ಕ ಒಪ್ಪಿಸದವನನ್ನೂ ಅವನ ಹತ್ತಿರದ ನೆಂಟರನ್ನೂ ಹೊರಗಿಡುವ ಉದ್ದ ಪಟ್ಟಿ ಸೇರಿತು. ಕತ್ತೆ ಏರಿದವನು, ಕಳ್ಳ ದಾಖಲೆ ಸೃಷ್ಟಿಸಿದವನು ಇಂಥವರಿಗೂ ಓಲೆ ಇಲ್ಲ. ದುಷ್ಟರು ಕ್ಷಯಿಸಿ ಒಳ್ಳೆಯವರು ವರ್ಧಿಸಲಿ ಎಂದು ಈ ವ್ಯವಸ್ಥೆ ಎಂದು ಶಾಸನವೇ ಹೇಳುತ್ತೆ. ನನ್ನ ಭಾಷೆಯಲ್ಲಿ ಹೇಳೋದಾದರೆ ಎಲ್ಲವೂ 'ವೇರ್' ಷರತ್ತುಗಳು. ರ‍್ಯಾಂಡಮ್ ಅನ್ನುವುದು ಆ ಷರತ್ತುಗಳು ಮುಗಿದ ಮೇಲೆ ಶುರುವಾಗುತ್ತೆ. ಹೆಂಗಸರು, ಜಮೀನಿಲ್ಲದವರು, ಸಭೆಯ ಹೊರಗಿನ ಜಾತಿಗಳು, ಇವರ ಹೆಸರಿನ ಓಲೆ ಆ ಕೊಡದೊಳಗೆ ಬೀಳಲೇ ಇಲ್ಲ. ಎಷ್ಟು ಪ್ರಾಮಾಣಿಕವಾಗಿ ಕುಲುಕಿದರೂ ಹಾಕದ ಓಲೆ ಹೊರಗೆ ಬರಲ್ಲ. ಇದನ್ನು ಪ್ರಜಾಪ್ರಭುತ್ವ ಅನ್ನೋಕೆ ನನಗೆ ಹಿಂಜರಿಕೆ ಇರುವುದು ಇದಕ್ಕೇ.

ಈಗ ನಮ್ಮ ಟೇಬಲ್‌ಗೆ ಬರೋಣ. ಬಿ. ಎಲ್. ರೈಸ್ ಅವರ ಎಪಿಗ್ರಾಫಿಯಾ ಕರ್ನಾಟಿಕದ 12 ಸಂಪುಟಗಳಲ್ಲಿ ಸುಮಾರು 9000 ಶಾಸನಗಳಿವೆ. ಇದನ್ನು ಒಂದೊಂದು ಶಾಸನಕ್ಕೆ ಒಂದೊಂದು ಸಾಲಿನಂತೆ ಟೇಬಲ್ ಮಾಡಿಕೊಂಡರೆ, ಸಂಪುಟ, ತಾಲ್ಲೂಕು, ಸಂಖ್ಯೆ, ಊರು, ಭಾಷೆ, ಕಾಲ, ಪಾಠ ಹೀಗೆ ಕಾಲಂಗಳು ಬರ್ತವೆ. ಇಷ್ಟನ್ನೂ ಒಬ್ಬ ಮನುಷ್ಯ ಗಮನ ಕೊಟ್ಟು ಓದಲು ವರ್ಷಗಳು ಬೇಕು. ಹಾಗಾಗಿ ನಾವೆಲ್ಲ ಏನು ಮಾಡ್ತೀವಿ ಅಂದರೆ, ಹೆಸರಾದ ಶಾಸನಗಳನ್ನೇ ಮತ್ತೆ ಮತ್ತೆ ಓದ್ತೀವಿ. ತಾಳಗುಂದ, ಆತಕೂರು, ಬೇಗೂರು. ಆಮೇಲೆ "ಶಾಸನಗಳು ಹೀಗಿರ್ತವೆ" ಅಂತ ಸಾಮಾನ್ಯ ಮಾತು ಹೇಳ್ತೀವಿ. ಹೆಸರಾದ ಶಾಸನ ಹೆಸರಾಗಿದ್ದೇ ಅದು ಉಳಿದವುಗಳ ಹಾಗಿಲ್ಲ ಅನ್ನೋ ಕಾರಣಕ್ಕೆ. ನಾಯಿಗೆ ಕಲ್ಲು ನಿಲ್ಲಿಸಿದ್ದು ಅಪರೂಪ ಅಂತಲೇ ಆತಕೂರು ನಮಗೆ ಬೇಕು. ಅಪರೂಪದ್ದನ್ನು ಪೋಣಿಸಿ ಸಾಮಾನ್ಯದ ಚಿತ್ರ ಬರೆಯಲು ಆಗಲ್ಲ. ಆ ಚಿತ್ರ ಬೇಕು ಅಂದರೆ ಕಣ್ಣುಮುಚ್ಚಿ ನೂರು ಶಾಸನ ಎತ್ತಿ, ಬಂದದ್ದನ್ನು ಬಂದ ಹಾಗೆ ಓದಬೇಕು.

ಎತ್ತುವುದು ಹೇಗೆ? ಅತಿ ಸರಳವಾದ ದಾರಿ 'ಆರ್ಡರ್ ಬೈ ರ‍್ಯಾಂಡಮ್, ಲಿಮಿಟ್ 100'. ಟೇಬಲ್‌ನ ಪ್ರತಿ ಸಾಲಿಗೂ ಒಂದು ರ‍್ಯಾಂಡಮ್ ಸಂಖ್ಯೆ ಕೊಟ್ಟು, ಆ ಸಂಖ್ಯೆಯ ಪ್ರಕಾರ ಎಲ್ಲವನ್ನೂ ಜೋಡಿಸಿ, ಮೊದಲ ನೂರನ್ನು ತಗೊಳ್ಳುತ್ತೆ. ಪೂರ್ತಿ ಕೊಡ ಕುಲುಕಿದ ಹಾಗೆ. ಕೋಟ್ಯಂತರ ಸಾಲುಗಳ ಟೇಬಲ್ ಆದರೆ ಇದು ನಿಧಾನ, ಎಲ್ಲ ಸಾಲನ್ನೂ ಮುಟ್ಟಬೇಕಲ್ಲ. ಅದಕ್ಕೇ ಕಂಪನಿಗಳಲ್ಲಿ ಇದನ್ನು ಬರೆದರೆ ಹಿರಿಯರು ಹುಬ್ಬು ಗಂಟಿಕ್ತಾರೆ. ನಮ್ಮದು 9000 ಸಾಲು. ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯುತ್ತೆ. ಶಾಸನಗಳ ಕೆಲಸಕ್ಕೆ ಇದಕ್ಕಿಂತ ಜಾಣತನದ ದಾರಿ ಬೇಕಾಗಿಲ್ಲ.

ಜಾಣತನದ ದಾರಿಗಳು ಎಲ್ಲಿ ಎಡವುತ್ತವೆ ಅನ್ನೋದು ಮಾತ್ರ ತಿಳಿದಿರಬೇಕು. ಒಂದು ಪ್ರಸಿದ್ಧ ಉಪಾಯ ಹೀಗಿದೆ: 1ರಿಂದ ಕೊನೆಯ ಐಡಿವರೆಗೆ ಒಂದು ರ‍್ಯಾಂಡಮ್ ಸಂಖ್ಯೆ ತಗೋ, ಅದಕ್ಕೆ ಸಮನಾದ ಅಥವಾ ಅದಕ್ಕಿಂತ ದೊಡ್ಡದಾದ ಮೊದಲ ಐಡಿಯ ಸಾಲನ್ನು ಕೊಡು. ಬಹಳ ವೇಗ. ಆದರೆ ಐಡಿಗಳ ನಡುವೆ ಖಾಲಿ ಜಾಗ ಇದ್ದರೆ ಕೆಟ್ಟಿತು. ಐಡಿ 9 ಆದ ಮೇಲೆ 51 ಇದೆ ಅಂದುಕೊಳ್ಳಿ. 10ರಿಂದ 51ರವರೆಗೆ ಯಾವ ಸಂಖ್ಯೆ ಬಿದ್ದರೂ 51ನೆಯದೇ ಬರುತ್ತೆ. 9ನೆಯ ಶಾಸನಕ್ಕೆ ಒಂದು ಅವಕಾಶ ಇದ್ದರೆ 51ನೆಯದಕ್ಕೆ 42. ಶಾಸನಗಳ ಟೇಬಲ್‌ನಲ್ಲಿ ಇಂಥ ಖಾಲಿ ಜಾಗ ಖಂಡಿತ ಇರುತ್ತೆ, ಯಾಕಂದರೆ ಒಂದೇ ಶಾಸನ ರೈಸ್ ಆವೃತ್ತಿಯಲ್ಲಿ ಒಂದು ಸಂಖ್ಯೆಯಲ್ಲೂ ಮೈಸೂರಿನ ಕನ್ನಡ ಅಧ್ಯಯನ ಸಂಸ್ಥೆಯ ಪರಿಷ್ಕೃತ ಆವೃತ್ತಿಯಲ್ಲಿ ಇನ್ನೊಂದು ಸಂಖ್ಯೆಯಲ್ಲೂ ಇರುತ್ತೆ. ಎರಡನ್ನೂ ಟೇಬಲ್‌ಗೆ ಹಾಕಿದರೆ ಒಂದನ್ನು ಅಳಿಸಬೇಕು. ಅಳಿಸದಿದ್ದರೆ ಒಬ್ಬನ ಹೆಸರಿಗೆ ಎರಡು ಓಲೆ ಹಾಕಿದ ಹಾಗೆ, ಅಳಿಸಿ ಈ ಉಪಾಯ ಬಳಸಿದರೆ ಪಕ್ಕದವನಿಗೆ ಲಾಭ.

ಪೋಸ್ಟ್‌ಗ್ರೆಸ್‌ನಲ್ಲಿ 9.5ನೆಯ ಆವೃತ್ತಿಯಿಂದ 'ಟೇಬಲ್‌ಸ್ಯಾಂಪಲ್' ಅಂತ ಒಂದು ಸೌಲಭ್ಯ ಬಂತು. ಅದರಲ್ಲಿ ಎರಡು ಬಗೆ, 'ಬರ್ನೌಲಿ' ಮತ್ತು 'ಸಿಸ್ಟಮ್'. ಬರ್ನೌಲಿ ಪ್ರತಿ ಸಾಲಿಗೂ ಬೇರೆ ಬೇರೆ ನಾಣ್ಯ ಚಿಮ್ಮುತ್ತೆ. ಸಿಸ್ಟಮ್ ಸಾಲುಗಳನ್ನು ನೋಡುವುದಿಲ್ಲ, ಡಿಸ್ಕಿನ ಮೇಲಿನ 8 ಕೆಬಿ ಪುಟಗಳನ್ನು ಎತ್ತುತ್ತೆ, ಪುಟ ಸಿಕ್ಕಿತು ಅಂದರೆ ಅದರೊಳಗಿನ ಸಾಲುಗಳೆಲ್ಲ ಬರ್ತವೆ. ನಾವು ಶಾಸನಗಳನ್ನು ಸಂಪುಟದ ಕ್ರಮದಲ್ಲೇ ಏರಿಸಿರ್ತೀವಿ. ಒಂದು ಪುಟದಲ್ಲಿ ಅಕ್ಕಪಕ್ಕದ ಊರುಗಳ, ಎಷ್ಟೋ ಸಲ ಒಂದೇ ದೇವಸ್ಥಾನದ ಶಾಸನಗಳು ಕೂತಿರ್ತವೆ. ನೂರು ಬೇರೆ ಬೇರೆ ಶಾಸನ ಎತ್ತಿದೆ ಅಂದುಕೊಂಡರೆ ಕೈಗೆ ಬಂದಿರೋದು ನಾಲ್ಕಾರು ಊರುಗಳ ಗುಂಪು. ಉತ್ತರಮೇರೂರಿನಲ್ಲಿ ಹುಡುಗ ಒಂದು ಕಟ್ಟು ತೆಗೆದು, ಕಟ್ಟಿನಲ್ಲಿರುವವರನ್ನೆಲ್ಲ ಸಮಿತಿಗೆ ಹಾಕಿದ್ದರೆ ಹೇಗಿರ್ತಿತ್ತೋ ಹಾಗೆ. ಎರಡನೆಯ ಕೊಡ ಇಟ್ಟವರು ಅದನ್ನು ಮಾಡಲಿಲ್ಲ.

ಅವರು ಮಾಡಿದ್ದು ಇನ್ನೂ ನಯವಾದದ್ದು. 30 ಕುಡುಂಬಿನಿಂದಲೂ ಒಬ್ಬೊಬ್ಬ ಬರಲೇಬೇಕು, ಆ ಒಬ್ಬ ಯಾರು ಅನ್ನೋದು ಮಾತ್ರ ಚೀಟಿಗೆ ಬಿಟ್ಟದ್ದು. ಎಲ್ಲ ಓಲೆಗಳನ್ನು ಒಂದೇ ಕೊಡಕ್ಕೆ ಸುರಿದು 30 ಎತ್ತಿದ್ದರೆ ದೊಡ್ಡ ಕುಡುಂಬಿನಿಂದ ಐದು ಜನ ಬಂದು ಸಣ್ಣದರಿಂದ ಯಾರೂ ಬಾರದಿರಬಹುದಿತ್ತು. ಸಂಖ್ಯಾಶಾಸ್ತ್ರದಲ್ಲಿ ಇದಕ್ಕೆ ಸ್ತರವಾರು ಆಯ್ಕೆ ಎನ್ನಬಹುದು. ಡೇಟಾಬೇಸ್‌ನಲ್ಲಿ ಇದನ್ನು ಬರೆಯೋದು ಹೀಗೆ: ಅರ್ಹರ ಟೇಬಲ್‌ನ ಸಾಲುಗಳನ್ನು 'ಪಾರ್ಟಿಷನ್ ಬೈ ಕುಡುಂಬು' ಎಂದು ವಿಂಗಡಿಸು, ಪ್ರತಿ ವಿಂಗಡಣೆಯೊಳಗೆ ರ‍್ಯಾಂಡಮ್ ಕ್ರಮದಲ್ಲಿ ಸಾಲುಗಳಿಗೆ ಒಂದು, ಎರಡು, ಮೂರು ಎಂದು ನಂಬರ್ ಕೊಡು, ಒಂದನೆಯ ನಂಬರಿನವನ್ನಷ್ಟೇ ಉಳಿಸು. ಒಂದೇ ವಾಕ್ಯದ ಕ್ವೆರಿ. ಕುಡುಂಬು ಇರುವ ಕಡೆ ತಾಲ್ಲೂಕು ಅಂತ ಹಾಕಿದರೆ ನಮ್ಮ ಕೆಲಸಕ್ಕೂ ಆಗುತ್ತೆ. ರೈಸ್ ಸಂಪುಟಗಳು ತಾಲ್ಲೂಕುವಾರು ಇರೋದರಿಂದ ಕಟ್ಟು ಕಟ್ಟುವ ಕೆಲಸ ಅವರೇ ಮಾಡಿಟ್ಟಿದ್ದಾರೆ.

ಒಂದು ಎಚ್ಚರಿಕೆ. ಐದೇ ಅರ್ಹರಿರುವ ಕುಡುಂಬಿನಲ್ಲಿ ಒಬ್ಬೊಬ್ಬನಿಗೆ ಐದರಲ್ಲೊಂದು ಅವಕಾಶ, ಇಪ್ಪತ್ತು ಜನರಿರುವ ಕಡೆ ಇಪ್ಪತ್ತರಲ್ಲೊಂದು. ಸಮಿತಿ ರಚನೆಗೆ ಇದು ಪರವಾಗಿಲ್ಲ, ಅವರಿಗೆ ಬೇಕಿದ್ದದ್ದು ಕುಡುಂಬುಗಳ ಪ್ರಾತಿನಿಧ್ಯ. ನಮಗೆ ಒಟ್ಟು ಶಾಸನಗಳಲ್ಲಿ ವೀರಗಲ್ಲು ಎಷ್ಟು ಪಾಲು ಅಂತ ತಿಳಿಯಬೇಕಿದ್ದರೆ, ತಾಲ್ಲೂಕಿಗೆ ಒಂದರಂತೆ ಎತ್ತಿ ನೇರವಾಗಿ ಎಣಿಸಬಾರದು. 300 ಶಾಸನದ ತಾಲ್ಲೂಕಿಂದ ಬಂದ ಒಂದಕ್ಕೆ 300ರ ತೂಕ, 30ರ ತಾಲ್ಲೂಕಿಂದ ಬಂದದ್ದಕ್ಕೆ 30ರ ತೂಕ ಕೊಟ್ಟು ಕೂಡಬೇಕು. ಇಲ್ಲದಿದ್ದರೆ ತಾಲ್ಲೂಕಿನ ಗಾತ್ರಕ್ಕೆ ಅನುಗುಣವಾಗಿ ಎತ್ತಬೇಕು.

ಇಷ್ಟು ಹೊತ್ತು ಸಾಲು, ಸಾಲು ಅಂತ ಹೇಳ್ತಾ ಬಂದೆ. ಸಾಲು ಅಂದರೆ ಏನು ಎಂಬುದೇ ನನ್ನ ಪ್ರಕಾರ ಎಲ್ಲಕ್ಕಿಂತ ಕಷ್ಟದ ಪ್ರಶ್ನೆ. ಶ್ರವಣಬೆಳಗೊಳ ತಗೊಳ್ಳಿ. ರೈಸ್ 1889ರಲ್ಲಿ ಪ್ರಕಟಿಸಿದಾಗ ಅಲ್ಲಿ 144 ಶಾಸನ. ಆರ್. ನರಸಿಂಹಾಚಾರ್ಯರು 1923ರಲ್ಲಿ ಪರಿಷ್ಕರಿಸಿದಾಗ 500. 1973ರ ಆವೃತ್ತಿಯಲ್ಲಿ 573. ಬೆಟ್ಟ ಅದೇ, ಕಲ್ಲು ಅದೇ. ಯಾವ ಪುಸ್ತಕವನ್ನು ಟೇಬಲ್‌ಗೆ ಏರಿಸಿದ್ದೀರಿ ಅನ್ನೋದರ ಮೇಲೆ ಬೆಳಗೊಳದ ಚೀಟಿಗಳು ಸುಮಾರು ನಾಲ್ಕು ಪಟ್ಟು ಹೆಚ್ಚಾಗ್ತವೆ. ಅದರಲ್ಲೂ ಬಂಡೆಯ ಮೇಲೆ ಯಾತ್ರಿಕರು ಬರೆಸಿದ ಬರೀ ಹೆಸರುಗಳು ಎಷ್ಟೋ ಇವೆ. ಒಂದು ಹೆಸರಿನ ಬರಹಕ್ಕೆ ಒಂದು ಸಾಲು, ತಾಳಗುಂದದ ಇಡೀ ಸ್ತಂಭಕಾವ್ಯಕ್ಕೂ ಒಂದು ಸಾಲು. ಇದು ತಪ್ಪು ಅಂತ ಅಲ್ಲ. ಯಾತ್ರಿಕನ ಹೆಸರೂ ಶಾಸನವೇ. ಆದರೆ "ಶಾಸನಗಳಲ್ಲಿ ದಾನದ ಉಲ್ಲೇಖ ಎಷ್ಟು ಪಾಲು" ಅಂತ ಕೇಳಿದಾಗ ಉತ್ತರ ಈ ಎಣಿಕೆಯಿಂದಲೇ ಬದಲಾಗಿಬಿಡುತ್ತೆ ಅನ್ನೋದು ನೆನಪಿರಬೇಕು.

ಇದಕ್ಕೆ ತಿರುಗುಮುರುಗಾದ ಉದಾಹರಣೆ ಆತಕೂರಿನದು. ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿರುವ ಆ ಒಂದೇ ಕಲ್ಲಿನಲ್ಲಿ ಎರಡು ಕಥೆ. ಒಂದು, ಹಂದಿಯೊಂದಿಗೆ ಕಾದಾಡಿ ಸತ್ತ ಕಾಳಿ ಎಂಬ ನಾಯಿಯದ್ದು. ಮತ್ತೊಂದು, ತಕ್ಕೋಲದ ಕಾಳಗದಲ್ಲಿ ರಾಷ್ಟ್ರಕೂಟ ಮೂರನೆಯ ಕೃಷ್ಣನ ಪರವಾಗಿ ಗಂಗ ಬೂತುಗ ಚೋಳ ರಾಜಾದಿತ್ಯನನ್ನು ಕೊಂದದ್ದು. ಮಣಲೇರನಿಗೆ ಬೂತುಗ ಮೆಚ್ಚಿ ಕೊಟ್ಟ ನಾಯಿಯೇ ಕಾಳಿ. ಕಲ್ಲು ಒಂದು, ಸಂಖ್ಯೆ ಒಂದು, ಸಾಲು ಒಂದು. 'ವಿಷಯ' ಅನ್ನೋ ಕಾಲಂನಲ್ಲಿ ಯುದ್ಧ ಅಂತ ಬರೀಬೇಕೋ ನಾಯಿ ಅಂತ ಬರೀಬೇಕೋ? ಅಂದಹಾಗೆ ತಕ್ಕೋಲದಲ್ಲಿ ಸತ್ತ ಈ ರಾಜಾದಿತ್ಯ ಪರಾಂತಕನ ಮಗ. ಉತ್ತರಮೇರೂರಿನವರು ಯಾರ ಆಳ್ವಿಕೆಯ ವರ್ಷ ಹಾಕಿ ಓಲೆಯ ನಿಯಮ ಕೆತ್ತಿಸಿದರೋ ಅವನ ಮಗನ ಸಾವಿನ ಸುದ್ದಿ ಮಂಡ್ಯದ ಕಡೆಯ ನಾಯಿಯ ಕಲ್ಲಿನಲ್ಲಿ ನಮಗೆ ಸಿಗುತ್ತೆ. ಬೇರೆ ಬೇರೆ ಟೇಬಲ್‌ಗಳಲ್ಲಿ ಇಟ್ಟರೆ ಇಂಥ ನಂಟು ಕಾಣೋದಿಲ್ಲ.

ಹಾಕದ ಓಲೆಯ ಮಾತು ನಮಗೂ ಅನ್ವಯಿಸುತ್ತೆ. ಎಪಿಗ್ರಾಫಿಯಾ ಕರ್ನಾಟಿಕದ ಮೊದಲ 12 ಸಂಪುಟ ಅಂದರೆ ಹಳೇ ಮೈಸೂರು ಸಂಸ್ಥಾನ ಮತ್ತು ಕೊಡಗು. ಬಾದಾಮಿ, ಐಹೊಳೆ, ಗದಗ, ಬಳ್ಳಾರಿ, ಕಲಬುರಗಿ, ಕರಾವಳಿ ಇದರಲ್ಲಿಲ್ಲ. ಅವಕ್ಕೆ ಸೌತ್ ಇಂಡಿಯನ್ ಇನ್‌ಸ್ಕ್ರಿಪ್ಷನ್ಸ್‌ನ 9, 11, 15ರಂಥ ಸಂಪುಟಗಳಿಗೆ, ಎಪಿಗ್ರಾಫಿಯಾ ಇಂಡಿಕಕ್ಕೆ ಹೋಗಬೇಕು. ಬರೀ ರೈಸ್ ಟೇಬಲ್‌ನಿಂದ ನೂರು ಎತ್ತಿ "ಕನ್ನಡ ಶಾಸನಗಳಲ್ಲಿ ಹೊಯ್ಸಳರದ್ದೇ ಹೆಚ್ಚು, ಕಲ್ಯಾಣ ಚಾಲುಕ್ಯರದ್ದು ಕಡಿಮೆ" ಅಂದರೆ, ಅದು ರೈಸ್ ಕೆಲಸ ಮಾಡಿದ ಸಂಸ್ಥಾನದ ಗಡಿಯ ವಿವರ ಅಷ್ಟೇ. ಹಲ್ಮಿಡಿ ಕೂಡ ಆ ಕೊಡದಲ್ಲಿಲ್ಲ, ಅದನ್ನು ಎಂ. ಎಚ್. ಕೃಷ್ಣ ಅವರು ಬೆಳಕಿಗೆ ತಂದದ್ದು 1936ರಲ್ಲಿ. ಇನ್ನೊಂದು ಕಡೆ, ಕನ್ನಡದ್ದೇ ಬರುತ್ತೆ ಅಂದುಕೊಂಡು ಕೈ ಹಾಕಿದವರಿಗೆ ಕೋಲಾರ, ಬೆಂಗಳೂರು ಸಂಪುಟಗಳಿಂದ ಚೋಳರ ತಮಿಳು ಶಾಸನಗಳು ಬರ್ತವೆ. ಅವನ್ನು ಪಕ್ಕಕ್ಕಿಟ್ಟು ಬೇರೆ ಎತ್ತುವ ಹಾಗಿಲ್ಲ. ಬೇಡ ಅಂದರೆ ಮೊದಲೇ ಷರತ್ತು ಬರೆಯಬೇಕು.

ಚೀಟಿ ಎತ್ತಿದ ಮೇಲೆ ಷರತ್ತು ಬರೆಯುವ ಆಸೆ ಬಹಳ ಬಲವಾದದ್ದು. ಕೈಗೆ ಬಂದ ಶಾಸನ ನೋಡ್ತೀರಿ: ಮೂರು ಸಾಲು, ಎರಡು ಸಾಲು ಚುಕ್ಕಿಚುಕ್ಕಿ, "ಮುಂದೆ ಒಡೆದಿದೆ". ರಾಜನ ಹೆಸರಿಲ್ಲ, ಕಾಲ ಇಲ್ಲ. ಮನಸ್ಸು ಮೆಲ್ಲಗೆ ಹೇಳುತ್ತೆ, ಇದರಿಂದ ಏನು ತಿಳಿಯುತ್ತೆ, ಇನ್ನೊಂದು ಎತ್ತೋಣ. ಹಾಗೆ ನಾಲ್ಕು ಸಲ ಮಾಡಿದರೆ ಸಿಗುವುದು ಮತ್ತೆ ಚೆಂದದ ಶಾಸನಗಳ ಸಂಗ್ರಹವೇ. ಒಡೆದ ಶಾಸನ ಬಂತು ಅನ್ನೋದೇ ಒಂದು ಮಾಹಿತಿ. ನಾನು ಪಾಲಿಸುವ ಪದ್ಧತಿ ಇದು: ಮೊದಲು ಷರತ್ತುಗಳನ್ನು ಬರೆದಿಡುವುದು. ನಂತರ ಶಾಸನ ಸಂಖ್ಯೆಗಳ ಪಟ್ಟಿಯನ್ನು ಒಂದು ನಿರ್ದಿಷ್ಟ ಕ್ರಮದಲ್ಲಿ ಜೋಡಿಸಿ ಫೈಲ್ ಮಾಡುವುದು. ಆಮೇಲೆ ಒಂದು ಬೀಜಸಂಖ್ಯೆ ಕೊಟ್ಟು ಪೈಥಾನ್‌ನಲ್ಲಿ ನೂರು ಎತ್ತುವುದು. ಒಂದು ಶಾಸನವನ್ನೂ ಓದುವ ಮೊದಲೇ ಪಟ್ಟಿಯನ್ನೂ ಬೀಜಸಂಖ್ಯೆಯನ್ನೂ ಒಬ್ಬಿಬ್ಬರು ಗೆಳೆಯರಿಗೆ ಕಳಿಸಿಬಿಡುವುದು. ಕಂಪ್ಯೂಟರಿನ ರ‍್ಯಾಂಡಮ್ ನಿಜವಾಗಿ ಲೆಕ್ಕದ ಸರಪಳಿ. ಅದೇ ಪ್ರೋಗ್ರಾಮಿಗೆ ಅದೇ ಬೀಜ ಕೊಟ್ಟರೆ ಅದೇ ನೂರು ಬರ್ತವೆ, ಹಾಗಾಗಿ ಯಾರು ಬೇಕಾದರೂ ಮತ್ತೆ ಎತ್ತಿ ತಾಳೆ ನೋಡಬಹುದು. ಎಸ್‌ಕ್ಯೂಲೈಟ್‌ನ ರ‍್ಯಾಂಡಮ್‌ಗೆ ಕ್ವೆರಿಯೊಳಗಿಂದ ಬೀಜ ಕೊಡಲು ಬರಲ್ಲ, ಅದಕ್ಕೇ ಪೈಥಾನ್. ಉತ್ತರಮೇರೂರಿನಲ್ಲಿ ಸಾಕ್ಷಿಗಳು ಎದುರಿಗೇ ಕೂತಿರ್ತಿದ್ದರು. ಅಲ್ಲಿ ಎತ್ತಿದ ಓಲೆಗಳಲ್ಲಿ ಒಂದೂ ನಮ್ಮ ಕೈಗೆ ಬಂದಿಲ್ಲ, ನಿಯಮ ಕೆತ್ತಿದ ಕಲ್ಲು ಬಂದಿದೆ.

ನೂರು ಸಾಕಾ ಅಂತ ಕೇಳ್ತಾರೆ. ಎತ್ತಿದ ನೂರರಲ್ಲಿ 30 ವೀರಗಲ್ಲು ಬಂದವು ಅಂದುಕೊಳ್ಳಿ, ಇದು ಲೆಕ್ಕಕ್ಕೆ ಹೇಳಿದ ಸಂಖ್ಯೆ. ಆಗ ಇಡೀ ಟೇಬಲ್‌ನಲ್ಲಿ ವೀರಗಲ್ಲುಗಳ ಪಾಲು ಹೆಚ್ಚುಕಮ್ಮಿ ಶೇ. 21ರಿಂದ 39ರೊಳಗೆ ಇದೆ ಅನ್ನಬಹುದು. 400 ಎತ್ತಿ ಅದೇ ಪಾಲು ಬಂದರೆ ಅಂತರ ಅರ್ಧಕ್ಕೆ ಇಳಿಯುತ್ತೆ. ಟೇಬಲ್‌ನಲ್ಲಿ 9000 ಇದೆಯೋ 90,000 ಇದೆಯೋ ಅನ್ನೋದರಿಂದ ಹೆಚ್ಚು ವ್ಯತ್ಯಾಸ ಆಗಲ್ಲ. ಇದನ್ನು ನಂಬೋದು ಕಷ್ಟ, ಆದರೆ ಬಂಗಾಳದಲ್ಲಿ ಸೆಣಬಿನ ಬೆಳೆಯ ಅಂದಾಜಿಗೆ ಮಹಾಲನೋಬಿಸ್ 1930ರ ದಶಕದ ಕೊನೆಯಲ್ಲಿ ಶುರುಮಾಡಿದ್ದೂ, ಆಮೇಲೆ 1950ರಲ್ಲಿ ರಾಷ್ಟ್ರೀಯ ಮಾದರಿ ಸಮೀಕ್ಷೆಯಾಗಿ ಬೆಳೆದದ್ದೂ ಇದೇ ಲೆಕ್ಕದ ಮೇಲೆ. ಅವರ ಕಾಲದಲ್ಲಿ ರ‍್ಯಾಂಡಮ್ ಸಂಖ್ಯೆಗಳು ಪುಸ್ತಕದಲ್ಲಿ ಸಿಗ್ತಿದ್ದವು. ಟಿಪ್ಪೆಟ್ 1927ರಲ್ಲಿ ಅಚ್ಚುಹಾಕಿಸಿದ ಪುಸ್ತಕದಲ್ಲಿ 41,600 ಅಂಕಿಗಳಿದ್ದವು, ಅವನ್ನು ಆರಿಸಿಕೊಂಡದ್ದು ಜನಗಣತಿ ವರದಿಗಳಿಂದ.

ಇದರ ಅತಿ ಉಪಯುಕ್ತ ಬಳಕೆ ಎರಡು. ಒಂದು ತಾಳೆ ನೋಡುವುದು. ಸ್ಕ್ಯಾನ್ ಮಾಡಿದ ಪುಸ್ತಕದಿಂದ ಅಕ್ಷರ ಗುರುತಿಸಿ ಏರಿಸಿದ ಪಾಠದಲ್ಲಿ ತಪ್ಪು ಎಷ್ಟಿದೆ ಅಂತ 9000 ಶಾಸನವನ್ನೂ ಅಚ್ಚಿನ ಪುಸ್ತಕದ ಪಕ್ಕ ಇಟ್ಟು ನೋಡಲಾಗದು, ಎತ್ತಿದ ನೂರನ್ನು ನೋಡಬಹುದು. ಎರಡನೆಯದು, ನನಗೆ ಹೆಚ್ಚು ಮುಖ್ಯವಾದದ್ದು, ಕಲ್ಲುಗಳ ಗತಿ. ರೈಸ್ ಓದಿಸಿದ ಕಲ್ಲುಗಳಲ್ಲಿ ಎಷ್ಟು ಇವತ್ತಿಗೂ ಜಾಗದಲ್ಲಿವೆ? ಭಾನುವಾರ ಗಾಡಿ ತಗೊಂಡು ಹೋಗುವ ನಾವು ನೋಡೋದು ರಸ್ತೆ ಪಕ್ಕದ, ದೇವಸ್ಥಾನದೊಳಗಿನ, ಯಾರೋ ಆಗಲೇ ಫೋಟೋ ಹಾಕಿದ ಕಲ್ಲುಗಳನ್ನು. ಅವು ಉಳಿದಿರೋದರಿಂದಲೇ ನಮಗೆ ಕಾಣ್ತವೆ. ಅದನ್ನು ಎಣಿಸಿದರೆ ಎಲ್ಲವೂ ಚೆನ್ನಾಗಿದೆ ಅನ್ನೋ ಉತ್ತರವೇ ಬರೋದು. ಲೇಔಟ್ ಎದ್ದ ಕಡೆ ಹೊಲದ ಬದುವಿನಲ್ಲಿದ್ದ ತುರುಗೋಳಿನ ಕಲ್ಲು, ಒಡೆದ ಕೆರೆಯ ಕೋಡಿ ಹತ್ತಿರದ ಕೆರೆಗೊಡಗೆಯ ಶಾಸನ, ಇವು ಹೋದವೋ ಇವೆಯೋ ಅಂತ ಹೇಳಬೇಕಾದರೆ ಪಟ್ಟಿಯಲ್ಲಿ ಬಂದ ಊರಿಗೇ ಹೋಗಬೇಕು. ಅದು ಎಷ್ಟೇ ದೂರ ಇರಲಿ, ಊರಿನ ಹೆಸರು ಕೇಳಿರದಿದ್ದರೂ ಸರಿ.

ಅಲ್ಲಿ ಟಿಪ್ಪಣಿ ಬರೆಯುವಾಗ 'ಇದೆ', 'ಇಲ್ಲ' ಎಂಬ ಎರಡೇ ಕಾಲಂ ಸಾಲದು. ರೈಸ್ ಕೊಟ್ಟ ಗುರುತು ಎಷ್ಟೋ ಸಲ ಒಬ್ಬ ರೈತನ ಹೊಲ ಅನ್ನುವಷ್ಟೇ. ಹೊಲ ಕೈಬದಲಾಗಿದೆ. ಕೆಲವು ಊರುಗಳಂತೂ ನೀರಿನೊಳಗೆ ಹೋಗಿವೆ, ಹಳೆಯ ಕನ್ನಂಬಾಡಿ ಕೃಷ್ಣರಾಜಸಾಗರದ ಕೆಳಗಿದೆ. ಹಾಗಾಗಿ ಮೂರನೆಯ ಕಾಲಂ 'ಪತ್ತೆಯಾಗಲಿಲ್ಲ', ನಾಲ್ಕನೆಯದು 'ಮುಳುಗಡೆ'. ಪತ್ತೆಯಾಗದ್ದನ್ನು ಕಳೆದುಹೋದದ್ದರ ಜೊತೆ ಕೂಡುವುದಿಲ್ಲ. ಅಂಥ ಕಲ್ಲಿಗೆ ಬೇಸಿಗೆಯಲ್ಲಿ, ಗಿಡ ಒಣಗಿ ಬದು ಕಾಣುವಾಗ, ಇನ್ನೊಂದು ಸಲ ಹೋಗಬೇಕು ಎಂದು ಪಕ್ಕದಲ್ಲಿ ಬರೆದಿಡುತ್ತೇನೆ.